ಬಾಸ್ಕೆಟ್‌ಬಾಲ್ ಕೋರ್ಟಿನ ವಿಚಿತ್ರ ಪ್ರಸಂಗಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ-ಧಾರವಾಡದಲ್ಲಿ ಅಂತರ ಕಾಲೇಜು ಪಂದ್ಯವಿರಲಿ, ದಸರಾ ಕ್ರೀಡಾಕೂಟವಿರಲಿ, ಮ್ಯಾಚು ಮುಗಿದ ಮೇಲೆ ಸ್ಕೋರ್ ಟೇಬಲ್ ಸುತ್ತ ನಾಲ್ಕು ಮಂದಿ ನಿಂತೇ ನಿಲ್ಲುತ್ತಾರೆ. "ಅದು ಹೆಂಗ್ರಿ ಅದು?" ಎಂಬುದು ಅವರ ಮೊದಲ ಮಾತು. ಗದಗ, ಹಾವೇರಿ ಕಡೆಯ ಪಿ.ಟಿ. ಮಾಸ್ತರರು ಫೋನಿನಲ್ಲಿ ಕೇಳುವುದೂ ಹೆಚ್ಚುಕಡಿಮೆ ಅವೇ ಪ್ರಶ್ನೆಗಳು. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿ ಕೂಡಿಸಿದ್ದೇನೆ. ದಿನಾ ಕಾಣುವ ಫೌಲು, ಡಬಲ್ ಡ್ರಿಬಲ್ (ಬಾಲು ಪುಟಿಸುವುದನ್ನು, ಅಂದರೆ ಡ್ರಿಬಲ್ಲನ್ನು ನಿಲ್ಲಿಸಿ ಮತ್ತೆ ಪುಟಿಸುವುದು) ಇವನ್ನು ಬಿಟ್ಟಿದ್ದೇನೆ. ಅಪರೂಪಕ್ಕೆ ಆಗುವ, ಆದಾಗ ಜಗಳ ಹಚ್ಚುವ ಪ್ರಸಂಗಗಳಷ್ಟೇ ಇಲ್ಲಿವೆ.

## ಮೊದಲು ತಿಳಿದಿರಬೇಕಾದವು

ಸರ, ಟಿವಿಯೊಳಗ ಒಂದು ನಮೂನಿ ಇರತೈತಿ, ನೀವು ಹೇಳೂದು ಇನ್ನೊಂದು. ಯಾವುದು ಖರೇ?

ಎರಡೂ ಖರೇ, ಆಟ ಮಾತ್ರ ಬೇರೆ ಬೇರೆ. ಮೊಬೈಲಿನಲ್ಲಿ ಹುಡುಗರು ನೋಡುವುದು ಅಮೆರಿಕದ ಎನ್‌ಬಿಎ. ನಮ್ಮ ಜಿಲ್ಲಾ, ರಾಜ್ಯ, ವಿಶ್ವವಿದ್ಯಾಲಯ ಪಂದ್ಯಗಳು ನಡೆಯುವುದು ಅಂತರರಾಷ್ಟ್ರೀಯ ಸಂಸ್ಥೆ ಫಿಬಾದ ನಿಯಮದ ಮೇಲೆ. ಎನ್‌ಬಿಎದಲ್ಲಿ 12 ನಿಮಿಷದ ಕ್ವಾರ್ಟರ್, ಇಲ್ಲಿ 10. ಅಲ್ಲಿ 6 ಫೌಲಿಗೆ ಹೊರಗೆ, ಇಲ್ಲಿ 5ಕ್ಕೆ. ಅಲ್ಲಿ ಮೂರು ಪಾಯಿಂಟಿನ ಗೆರೆ 7.24 ಮೀಟರ್ ದೂರ, ಇಲ್ಲಿ 6.75. ಈ ಅಂಕಿಗಳ ವ್ಯತ್ಯಾಸ ಎಲ್ಲರಿಗೂ ಗೊತ್ತು. ಜಗಳ ಹುಟ್ಟುವುದು ಗೊತ್ತಿಲ್ಲದ ವ್ಯತ್ಯಾಸಗಳಿಂದ. ಕೆಳಗಿನ ಉತ್ತರಗಳೆಲ್ಲ ಫಿಬಾ ನಿಯಮದಂತೆ ಇವೆ.

ಗೆರಿ ಮ್ಯಾಲ ಕಾಲಿಟ್ರ ಒಳಗೋ, ಹೊರಗೋ?

ಯಾವ ಗೆರೆ ಎಂಬುದರ ಮೇಲೆ ಹೋಗುತ್ತದೆ. ಕೋರ್ಟಿನ ಅಂಚಿನ ಗೆರೆ ಪೂರ್ತಿ ಹೊರಗೆ, ತುದಿಬೆರಳು ತಾಗಿದರೂ ಔಟ್. ಮೂರು ಪಾಯಿಂಟಿನ ಗೆರೆ ತುಳಿದು ಹೊಡೆದರೆ ಎರಡೇ ಪಾಯಿಂಟು. ನಡುಗೆರೆ ಹಿಂದಿನ ಅರ್ಧಕ್ಕೆ ಸೇರಿದ್ದು, ಹಾಗಾಗಿ ಬಾಲು ಮುಂದಿನ ಅರ್ಧಕ್ಕೆ ಬಂದ ಮೇಲೆ ಅದನ್ನು ಹಿಡಿದವನು ನಡುಗೆರೆ ತುಳಿದರೂ ಹಿಂದಕ್ಕೆ ಹೋದಂತೆಯೇ, ಅದು ತಪ್ಪು. ನಮ್ಮ ಸಿಮೆಂಟ್ ಕೋರ್ಟುಗಳಲ್ಲಿ ಬಣ್ಣ ಹಾರಿಹೋಗಿ ಗೆರೆ ಕಾಣುವುದಿಲ್ಲ ಎಂಬುದು ನಿಜ. ಅದಕ್ಕೆ ಮದ್ದು ನಿಯಮದಲ್ಲಿಲ್ಲ, ಸುಣ್ಣದ ಡಬ್ಬಿಯಲ್ಲಿದೆ. ಆಟ ಶುರುವಾಗುವ ಮೊದಲೇ ಹಾಕಿಸಿಕೊಳ್ಳಿ.

ಹೊರಗ ಹೊಂಟ ಬಾಲ್‌ನ ಹಾರಿ ಗಾಳ್ಯಾಗ ಹಿಡದು ಒಳಗ ಒಗದಾನ. ಆಮ್ಯಾಲೆ ತಾನ ಹೊರಗ ಬಿದ್ದಾನ. ಔಟ್ ಅಲ್ಲೇನು?

ಅಲ್ಲ. ಗಾಳಿಯಲ್ಲಿರುವ ಆಟಗಾರ ಕೊನೆಯ ಸಲ ನೆಲ ಮುಟ್ಟಿದ್ದು ಎಲ್ಲೋ ಅಲ್ಲೇ ಇದ್ದಾನೆ ಎಂದು ಲೆಕ್ಕ. ಒಳಗಿಂದ ಜಿಗಿದಿದ್ದರೆ ಅವನು ಇನ್ನೂ ಒಳಗಿನವನೇ. ಬಾಲು ಗೆರೆಯಾಚೆ ಗಾಳಿಯಲ್ಲಿ ತೇಲುತ್ತಿದ್ದರೂ ಅದು ಹೊರಗಿನ ನೆಲವನ್ನೋ, ಹೊರಗೆ ನಿಂತ ಮನುಷ್ಯನನ್ನೋ, ವಸ್ತುವನ್ನೋ ಮುಟ್ಟುವ ತನಕ ಔಟ್ ಆಗುವುದಿಲ್ಲ. ಹೊರಗೆ ಬಿದ್ದವನು ಎದ್ದು ಒಳಗೆ ಬಂದು ಅದೇ ಬಾಲನ್ನು ಮತ್ತೆ ಮುಟ್ಟಬಹುದು. ಆದರೆ ಮುಟ್ಟುವ ಹೊತ್ತಿಗೆ ಕಾಲು ಒಳಗೆ ಬಂದಿರಬೇಕು.

ಬಾಲ್ ರೆಫ್ರಿಗೆ ಬಡದ್ರ ಯಾರ ಬಾಲ್?

ಯಾರದೂ ಅಲ್ಲ, ಆಟ ನಡೆಯುತ್ತಲೇ ಇರುತ್ತದೆ. ರೆಫ್ರಿಗೆ ತಾಗುವುದೂ ಅವರು ನಿಂತ ಜಾಗದ ನೆಲಕ್ಕೆ ತಾಗುವುದೂ ಒಂದೇ. ಗೆರೆಯ ಹೊರಗೆ ನಿಂತ ರೆಫ್ರಿಗೆ ತಾಗಿದರೆ ಔಟ್, ಕೊನೆಗೆ ಮುಟ್ಟಿದ್ದ ತಂಡ ಬಾಲು ಕಳೆದುಕೊಳ್ಳುತ್ತದೆ.

ಬಾಲ್ ಹಿಡಕೊಂಡು ಜಾರಿ ಬಿದ್ದು ಮಾರು ದೂರ ಹ್ವಾದ. ಟ್ರಾವೆಲ್ ಕೊಡಬೇಕಿತ್ತಲ್ರಿ?

ಬೀಳುವುದು, ಬಿದ್ದ ರಭಸಕ್ಕೆ ಜಾರುವುದು ತಪ್ಪಲ್ಲ. ಬಾಲು ಕೈಯಲ್ಲಿಟ್ಟುಕೊಂಡೇ ಹೊರಳಿದರೆ ಅಥವಾ ಏಳಲು ಹೋದರೆ ಟ್ರಾವೆಲ್, ಅಂದರೆ ಬಾಲು ಹಿಡಿದು ನಿಯಮ ಮೀರಿ ಕದಲಿದ ತಪ್ಪು. ಮಲಗಿದಲ್ಲಿಂದಲೇ ಪಾಸ್ ಮಾಡು ಎಂದು ಹುಡುಗರಿಗೆ ಹೇಳಿಕೊಡಿ. ಧೂಳಿನ ಕೋರ್ಟಿನಲ್ಲಿ ಆಡುವವರಿಗೆ ಇದು ವಾರಕ್ಕೊಮ್ಮೆಯಾದರೂ ಬೇಕಾಗುತ್ತದೆ.

## ರಿಂಗು, ಬೋರ್ಡಿನ ಸುತ್ತ

ನಮ್ಮ ಹುಡುಗ ಗಡಿಬಿಡಿಯೊಳಗ ನಮ್ಮ ಬಾಸ್ಕೆಟ್ಟಿಗೇ ಹಾಕಿಬಿಟ್ಟಾನ. ಪಾಯಿಂಟ್ ಯಾರ ಹೆಸರಿಗೆ ಬರೀತೀರಿ?

ಎದುರಾಳಿಗೆ ಎರಡು ಪಾಯಿಂಟು. ಸ್ಕೋರ್ ಶೀಟಿನಲ್ಲಿ ಅದನ್ನು ಕೋರ್ಟಿನಲ್ಲಿರುವ ಎದುರಾಳಿ ಕ್ಯಾಪ್ಟನ್ ಗಳಿಸಿದಂತೆ ಬರೆಯುತ್ತಾರೆ. ಆ ಕ್ಯಾಪ್ಟನ್ ಪಾಪ ಇನ್ನೊಂದು ತುದಿಯಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದರೂ ಸರಿ.

ಇದು ಗೊತ್ತಿಲ್ಲದೆ ಆದಾಗಿನ ಮಾತು. ಬೇಕೆಂದೇ ಹಾಕಿದರೆ ಪಾಯಿಂಟು ಇಲ್ಲ, ಅದು ನಿಯಮಭಂಗ, ಬಾಲು ಎದುರಾಳಿಗೆ. "ತಮ್ಮ ಬಾಸ್ಕೆಟ್ಟಿಗೆ ಬೇಕಂತ ಯಾರು ಹಾಕ್ಕೋತಾರ?" ಎಂದು ನಗಬೇಡಿ. ಹಾಕಿಕೊಂಡವರಿದ್ದಾರೆ. 1962ರ ಜನವರಿಯಲ್ಲಿ ಯುರೋಪಿಯನ್ ಚಾಂಪಿಯನ್ಸ್ ಕಪ್‌ನಲ್ಲಿ ಸ್ಪೇನಿನ ರಿಯಲ್ ಮ್ಯಾಡ್ರಿಡ್ ತಂಡ ಇಟಲಿಯ ವಾರೇಸೆಯಲ್ಲಿ ಆಡುತ್ತಿತ್ತು. ಒಂದು ಪಂದ್ಯ ಅಲ್ಲಿ, ಒಂದು ಇಲ್ಲಿ, ಎರಡರ ಪಾಯಿಂಟು ಕೂಡಿಸಿ ಫಲಿತಾಂಶ. ಕೊನೆಯ ಕ್ಷಣಗಳಲ್ಲಿ 80-80 ಸಮ. ಓವರ್‌ಟೈಮಿಗೆ ಹೋದರೆ ದೊಡ್ಡ ಅಂತರದಿಂದ ಸೋಲಬಹುದು ಎಂಬ ಭಯ ಮ್ಯಾಡ್ರಿಡ್ ಕೋಚ್ ಪೆಡ್ರೊ ಫೆರಾಂಡಿಸ್ ಅವರಿಗೆ. ಎರಡೇ ಪಾಯಿಂಟಿಗೆ ಸೋತು ಊರಿಗೆ ಹೋಗುವುದೇ ಲಾಭ ಎಂದು ಲೆಕ್ಕ ಹಾಕಿದರು. ಅವರ ಆಟಗಾರ ಲೊರೆಂಜೊ ಅಲೊಸೆನ್ ತಮ್ಮದೇ ಬಾಸ್ಕೆಟ್ಟಿಗೆ ಬಾಲು ಹಾಕಿದರು. 82-80ಕ್ಕೆ ಸೋತು, ಮರುಪಂದ್ಯವನ್ನು ತಮ್ಮ ಊರಿನಲ್ಲಿ ದೊಡ್ಡ ಅಂತರದಿಂದ ಗೆದ್ದರು. ಇದಾದ ಮೇಲೆ ಫಿಬಾ ನಿಯಮ ಬದಲಿಸಿತು. ನನ್ನನ್ನು ಕೇಳಿದರೆ ಲೆಕ್ಕ ಹಾಕಿದ ಕೋಚು ಜಾಣರೇ. ಆದರೆ ಆ ಬಾಗಿಲನ್ನು ಮುಚ್ಚಿದ್ದೂ ಸರಿಯೇ.

ಬಾಲ್ ರಿಂಗಿಗೂ ಬೋರ್ಡಿಗೂ ನಡುವ ಸಿಕ್ಕೊಂಡು ಕುಂತತಿ. ಬಡಿಗಿ ತಂದು ಇಳಿಸಿದ್ವಿ. ಮುಂದ ಏನ್ ಮಾಡೂದು?

ಅದು ಜಂಪ್ ಬಾಲ್ ಸಂದರ್ಭ. ಹಾಗಂತ ಇಬ್ಬರನ್ನು ನಿಲ್ಲಿಸಿ ಬಾಲು ಮೇಲೆ ಹಾರಿಸುವುದಿಲ್ಲ. ಫಿಬಾದಲ್ಲಿ ನಿಜವಾದ ಜಂಪ್ ಬಾಲ್ ಪಂದ್ಯದ ಆರಂಭಕ್ಕೆ ಒಂದೇ ಸಲ. ಆಮೇಲೆ ಟೇಬಲ್ ಮೇಲಿನ ಬಾಣ ಯಾರ ಕಡೆ ತೋರಿಸುತ್ತದೋ ಅವರ ಬಾಲು, ಕೊಟ್ಟ ಮೇಲೆ ಬಾಣ ತಿರುಗುತ್ತದೆ. ಹೊಡೆದ ತಂಡಕ್ಕೇ ಬಾಣವಿದ್ದರೆ ಶಾಟ್ ಕ್ಲಾಕಿನಲ್ಲಿ (ಅಷ್ಟರೊಳಗೆ ಶಾಟ್ ಹೊಡೆಯಬೇಕೆಂದು ಎಣಿಸುವ ಗಡಿಯಾರ) 14 ಸೆಕೆಂಡು, ಎದುರು ತಂಡಕ್ಕಿದ್ದರೆ 24. ಫೌಲಾದಾಗ ಯಾರ ತಡೆಯೂ ಇಲ್ಲದೆ ಹೊಡೆಯಲು ಸಿಗುವ ಎರಡು ಫ್ರೀ ಥ್ರೋಗಳಲ್ಲಿ ಮೊದಲನೆಯದು ಹೀಗೆ ಸಿಕ್ಕಿಕೊಂಡರೆ ಬಾಣದ ಮಾತೇ ಇಲ್ಲ. ಅದು ಬೀಳಲಿಲ್ಲ ಅಷ್ಟೆ, ಎರಡನೆಯದನ್ನು ಹೊಡೆಸಿ.

ಟೇಬಲ್ಲಿನಲ್ಲಿ ಬಾಣ ಇಡದೆ "ನೆನಪಿಟ್ಕೋತೀವಿ" ಅನ್ನುವ ಸಂಘಟಕರಿದ್ದಾರೆ. ನಾಲ್ಕನೇ ಕ್ವಾರ್ಟರಿನ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ. ರಟ್ಟಿನಲ್ಲಿ ಒಂದು ಬಾಣ ಕತ್ತರಿಸಿಟ್ಟುಕೊಳ್ಳಿ, ಸಾಕು.

ಬೋರ್ಡಿನ ಹಿಂದ ಬಡದು ಒಳಗ ಬಂತು, ಆಟ ನಡಸಿದ್ರು. ಗಿಡದ ಟೊಂಗಿಗೆ ಬಡದ್ರ ಮಾತ್ರ ಔಟ್ ಅಂದ್ರು. ಇದ್ಯಾವ ನ್ಯಾಯ?

ಎರಡೂ ಔಟ್. ಬೋರ್ಡಿನ ಹಿಂಬದಿ, ಅದನ್ನು ಹೊತ್ತ ಕಂಬ, ಕೋರ್ಟಿನ ಮೇಲಿರುವ ಯಾವುದೇ ವಸ್ತು, ಅದು ವೈರ್ ಇರಲಿ, ಲೈಟ್ ಇರಲಿ, ಬೇವಿನ ಟೊಂಗೆ ಇರಲಿ, ಬಾಲು ತಾಗಿದರೆ ಹೊರಗೆ ಹೋದಂತೆ. ಬೋರ್ಡಿನ ಮೇಲಂಚು, ಪಕ್ಕದಂಚು, ಕೆಳಗಂಚು ಮಾತ್ರ ಆಟದೊಳಗೇ. ಬಾಲು ಅಂಚಿಗೆ ತಾಗಿತೋ ಹಿಂಬದಿಗೋ ಎಂಬುದು ಬೇಸ್‌ಲೈನಿನಲ್ಲಿ ನಿಂತ ರೆಫ್ರಿಗಷ್ಟೇ ಸರಿಯಾಗಿ ಕಾಣುತ್ತದೆ, ಕಟ್ಟೆಯ ಮೇಲೆ ಕುಳಿತವರಿಗಲ್ಲ.

ರಿಂಗಿನ ಮ್ಯಾಲ ಕುಣಿಯೂ ಬಾಲ್‌ನ ಕೈಲೆ ಹೊಡದು ಹೊರಗ ಹಾಕ್ಯಾನ. ಇದು ಗೋಲ್‌ಟೆಂಡಿಂಗ್ ಅಲ್ಲೇನ್ರಿ?

ಎನ್‌ಬಿಎ ನೋಡಿ ಬೆಳೆದ ಹುಡುಗರು ಹೆಚ್ಚು ಕೂಗಾಡುವುದು ಇದಕ್ಕೇ. ಅಲ್ಲಿ ರಿಂಗಿನ ಮೇಲಿರುವ ಬಾಲನ್ನು ಮುಟ್ಟುವಂತಿಲ್ಲ. ಫಿಬಾದಲ್ಲಿ ಶಾಟ್ ಹೊಡೆದ ಬಾಲು ಒಮ್ಮೆ ರಿಂಗಿಗೆ ತಾಗಿತೆಂದರೆ ಯಾರು ಬೇಕಾದರೂ ಮುಟ್ಟಬಹುದು. ಹೊಡೆದ ತಂಡದವನು ಒಳಗೆ ತಳ್ಳಬಹುದು, ಎದುರಿನವನು ಹೊರಗೆ ಹೊಡೆಯಬಹುದು.

ಹಾಗಾದರೆ ತಪ್ಪು ಯಾವಾಗ? ಬಾಲು ರಿಂಗಿನ ಮಟ್ಟಕ್ಕಿಂತ ಪೂರ್ತಿ ಮೇಲಿದ್ದು, ಕೆಳಗಿಳಿಯುತ್ತಿದ್ದು, ಇನ್ನೂ ರಿಂಗಿಗೆ ತಾಗದೆ ಇದ್ದಾಗ ಮುಟ್ಟಿದರೆ ಗೋಲ್‌ಟೆಂಡಿಂಗ್. ಬಾಲು ರಿಂಗಿಗೆ ತಾಗಿಕೊಂಡಿದ್ದಾಗ ಬಾಲಿನ ಬದಲು ರಿಂಗನ್ನೋ ಬೋರ್ಡನ್ನೋ ಮುಟ್ಟಿದರೆ ಅದೂ ತಪ್ಪು. ಕೆಳಗಿನಿಂದ ಬಲೆಯೊಳಗೆ ಕೈ ಹಾಕಿ ಬಾಲು ಮುಟ್ಟುವುದಂತೂ ಎಂದಿಗೂ ಇಲ್ಲ. ತಡೆಯುವ ತಂಡ ಹೀಗೆ ಮಾಡಿದರೆ ಬಾಲು ಬಿದ್ದಂತೆಯೇ ಪಾಯಿಂಟು ಕೊಡುತ್ತಾರೆ. ಹೊಡೆಯುವ ತಂಡ ಮಾಡಿದರೆ ಬಾಲು ಬಿದ್ದರೂ ಪಾಯಿಂಟಿಲ್ಲ.

ಒಂದು ಎಚ್ಚರಿಕೆ: ಇನ್ನೂ ಫ್ರೀ ಥ್ರೋ ಬಾಕಿ ಇರುವಾಗ ಈ ಸ್ವಾತಂತ್ರ್ಯ ಇಲ್ಲ. ಹಾಗೆಯೇ ಬಾಲು ಗಾಳಿಯಲ್ಲಿದ್ದಾಗ ಕ್ವಾರ್ಟರಿನ ಬಜರ್ ಆಗಿದ್ದರೆ, ರಿಂಗಿಗೆ ತಾಗಿದ ಬಾಲು ಒಳಗೆ ಬೀಳುವ ಸಾಧ್ಯತೆ ಇರುವ ತನಕ ಯಾರೂ ಮುಟ್ಟಬಾರದು.

ಮೂರು ಪಾಯಿಂಟ್ ಗೆರಿ ಹೊರಗಿಂದ ಪಾಸ್ ಒಗದಾನ, ಅದು ಸೀದಾ ಬಾಸ್ಕೆಟ್‌ನ್ಯಾಗ ಬಿತ್ತು. ಪಾಸ್‌ಗೂ ಮೂರು ಕೊಡ್ತೀರೇನ್ರಿ?

ಕೊಡುತ್ತೇವೆ. ಮನಸ್ಸಿನಲ್ಲಿ ಪಾಸ್ ಇತ್ತೋ ಶಾಟ್ ಇತ್ತೋ ಎಂದು ಕೇಳುವುದಿಲ್ಲ, ಬಾಲು ಎಲ್ಲಿಂದ ಹೊರಟಿತು ಎಂದಷ್ಟೇ ನೋಡುವುದು. ಅದೇ ಪಾಸು ದಾರಿಯಲ್ಲಿ ನೆಲಕ್ಕೋ, ಆಟಗಾರನಿಗೋ ತಾಗಿ ಬಿದ್ದರೆ ಎರಡು. ಗೆರೆಯ ಹೊರಗೆ ನಿಂತು ಥ್ರೋ-ಇನ್ ಮಾಡುವವನ ಬಾಲು ಸೀದಾ ಬಾಸ್ಕೆಟ್ಟಿಗೆ ಬಿದ್ದರೆ ಸೊನ್ನೆ, ಬಾಲು ಎದುರಾಳಿಗೆ.

ಹೊಡದದ್ದು ರಿಂಗಿಗೂ ಮುಟ್ಟಲಿಲ್ಲ, ಬೋರ್ಡಿಗೂ ಮುಟ್ಟಲಿಲ್ಲ. ತಾನ ಓಡಿ ಹೋಗಿ ಹಿಡಕೊಂಡ. ಟ್ರಾವೆಲ್ ಹೌದಲ್ಲೋ?

ಅದು ನಿಜವಾಗಿ ಬಾಸ್ಕೆಟ್ಟಿಗೆ ಹೊಡೆದ ಶಾಟ್ ಎಂದು ರೆಫ್ರಿಗೆ ಅನಿಸಿದರೆ ತಪ್ಪೇ ಇಲ್ಲ. ಹಿಡಿದು ಮತ್ತೆ ಡ್ರಿಬಲ್ ಕೂಡ ಮಾಡಬಹುದು. ಶಾಟಿನ ನೆಪದಲ್ಲಿ ತನಗೆ ತಾನೇ ಪಾಸ್ ಕೊಟ್ಟುಕೊಂಡದ್ದು ಎನಿಸಿದರೆ ನಿಯಮಭಂಗ. ಇದರ ಜೊತೆಗೇ ಬರುವ ಪ್ರಶ್ನೆ, ಬೋರ್ಡಿಗೆ ಬೇಕೆಂದೇ ಎಸೆದು ತಾನೇ ಹಿಡಿದರೆ? ಅದು ಡ್ರಿಬಲ್ ಎಂದು ಲೆಕ್ಕವಿಲ್ಲ, ಹಿಡಿಯಬಹುದು, ಹೊಡೆಯಬಹುದು. ಮೊದಲೇ ಡ್ರಿಬಲ್ ಮುಗಿಸಿದ್ದರೆ ಮಾತ್ರ ಮತ್ತೆ ಡ್ರಿಬಲ್ ಮಾಡುವಂತಿಲ್ಲ.

ಹಾರಿ ಬಾಲ್‌ನ ಕೈಲೆ ರಿಂಗಿನ್ಯಾಗ ತುರುಕಿ, ಅಂದ್ರ ಡಂಕ್ ಹೊಡದು, ರಿಂಗಿಗೆ ಜೋತುಬಿದ್ರ?

ಕ್ಷಣಕಾಲವಾದರೆ, ಅಥವಾ ಕೆಳಗೆ ಯಾರೋ ಇದ್ದು ಪೆಟ್ಟಾಗದಿರಲಿ ಎಂದು ಹಿಡಿದುಕೊಂಡರೆ ಪರವಾಗಿಲ್ಲ. ಉಯ್ಯಾಲೆ ಆಡಿದರೆ ಟೆಕ್ನಿಕಲ್ ಫೌಲ್, ಅಂದರೆ ಮೈತಾಗದ ತಪ್ಪಿಗೆ ಹಾಕುವ ಫೌಲು. ರಿಂಗ್ ಬಾಗಿದರೆ ರಿಪೇರಿ ಯಾರು ಮಾಡಿಸಬೇಕು ಎಂಬುದು ನಿಯಮಪುಸ್ತಕದ ಹೊರಗಿನ ಜಗಳ.

## ಮಂದಿಯ ಲೆಕ್ಕ

ಬಸ್ ತಡಾ ಆಗಿ ನಾಕs ಮಂದಿ ಬಂದೇವಿ. ಆಟ ಶುರು ಮಾಡಬಹುದೇನ್ರಿ?

ಆಗುವುದಿಲ್ಲ. ಶುರುವಿಗೆ ಐವರು ಬೇಕೇ ಬೇಕು. ನಿಗದಿಯಾದ ಹೊತ್ತಿನಿಂದ 15 ನಿಮಿಷ ಕಾಯುತ್ತಾರೆ. ಅಷ್ಟರಲ್ಲಿ ಐದನೆಯವನನ್ನು ಹೊತ್ತ ಚಿಗರಿ ಬಸ್ಸು ಬಾರದಿದ್ದರೆ ಪಂದ್ಯ 20-0ಗೆ ಎದುರಾಳಿಯದು. ಆಟ ಶುರುವಾದ ಮೇಲೆ ಮಾತು ಬೇರೆ. ಐದು ಫೌಲಾಗಿ, ಪೆಟ್ಟಾಗಿ ನಾಲ್ವರಾದರೂ, ಮೂವರಾದರೂ, ಇಬ್ಬರಾದರೂ ಆಡಬಹುದು. ಒಬ್ಬನೇ ಉಳಿದರೆ ಪಂದ್ಯ ಮುಗಿಯಿತು. ಆಗ ಎದುರಾಳಿ ಮುಂದಿದ್ದರೆ ಇದ್ದ ಸ್ಕೋರೇ ಫಲಿತಾಂಶ, ಹಿಂದಿದ್ದರೆ ಅಥವಾ ಸಮವಿದ್ದರೆ 2-0 ಎಂದು ಬರೆಯುತ್ತಾರೆ.

ಆರು ಮಂದಿ ಆಡಾಕತ್ತಾರ ಅಂತ ಎರಡು ಬಾಸ್ಕೆಟ್ ಆದಮ್ಯಾಲೆ ಗೊತ್ತಾತು. ಆ ಪಾಯಿಂಟ್ ತಗೀರಿ!

ತೆಗೆಯಲು ಬರುವುದಿಲ್ಲ. ಗೊತ್ತಾಗುವ ಮೊದಲು ಬಿದ್ದ ಪಾಯಿಂಟು, ಆದ ಫೌಲು ಎಲ್ಲವೂ ಹಾಗೇ ಉಳಿಯುತ್ತವೆ. ಎದುರು ತಂಡಕ್ಕೆ ನಷ್ಟವಾಗದಂತೆ ಆಟ ನಿಲ್ಲಿಸಿ, ಹೆಚ್ಚಿನವನನ್ನು ಹೊರಗೆ ಕಳಿಸಿ, ಆ ತಂಡದ ಕೋಚಿನ ಮೇಲೆ ಟೆಕ್ನಿಕಲ್ ಹಾಕುತ್ತಾರೆ. ಎದುರಾಳಿಗೆ ಒಂದು ಫ್ರೀ ಥ್ರೋ. ನಾಲ್ಕು ಪಾಯಿಂಟು ಹೋದದ್ದಕ್ಕೆ ಒಂದು ಫ್ರೀ ಥ್ರೋ ಸಿಕ್ಕರೆ ಹೊಟ್ಟೆ ಉರಿಯುವುದು ಸಹಜ. ಆದ್ದರಿಂದ ಪ್ರತಿ ಬದಲಾವಣೆಯಾದಾಗ ಎದುರಿನ ಐವರನ್ನು ಎಣಿಸುವ ಕೆಲಸವನ್ನು ಬೆಂಚಿನ ಮೇಲಿರುವ ಒಬ್ಬನಿಗೆ ಕೊಡಿ.

ರಕ್ತ ಬಂದ್ರ ಹೊರಗ ಹೋಗಬೇಕಂತ. ನಮ್ಮ ಹುಡುಗಿ "ಏನೂ ಆಗಿಲ್ಲ" ಅಂದ್ರೂ ಕಳಿಸಿದ್ರಲ್ಲ?

ಕಳಿಸಲೇಬೇಕು. ರಕ್ತ ನಿಂತು, ಗಾಯ ಮುಚ್ಚಿದ ಮೇಲೆ ಮತ್ತೆ ಬರಬಹುದು. ಯಾವುದಾದರೂ ತಂಡದ ಟೈಮ್‌ಔಟ್ ನಡೆಯುತ್ತಿರುವಾಗಲೇ ಸರಿಹೋದರೆ ಬದಲಾಗದೆ ಮುಂದುವರಿಯಲೂ ಅವಕಾಶವಿದೆ. ಅವಳ ಪಾಲಿನ ಫ್ರೀ ಥ್ರೋ ಬಾಕಿ ಇದ್ದರೆ ಬದಲಿಗೆ ಬಂದವಳು ಹೊಡೆಯುತ್ತಾಳೆ. ಸಿಮೆಂಟಿನ ಮೇಲೆ ಮೊಣಕಾಲು ಕೆತ್ತಿಕೊಳ್ಳದೆ ಮುಗಿಯುವ ಪಂದ್ಯ ನಮ್ಮ ಕಡೆ ಕಡಿಮೆ, ಬ್ಯಾಂಡೇಜ್ ಪಟ್ಟಿ ಬೆಂಚಿನಲ್ಲೇ ಇರಲಿ.

ಫೌಲ್ ಆದಾವ ಒಬ್ಬ, ಫ್ರೀ ಥ್ರೋ ಹೊಡದಾವ ಇನ್ನೊಬ್ಬ. ಯಾರೂ ನೋಡಲಿಲ್ಲ.

ಯಾವಾಗ ನೋಡಿದಿರಿ ಎಂಬುದರ ಮೇಲೆ ಎಲ್ಲ ನಿಂತಿದೆ. ಬಾಲು ಕೈ ಬಿಡುವ ಮೊದಲೇ ಗೊತ್ತಾದರೆ ಸರಿಯಾದವನನ್ನು ಕರೆಸಿ ಹೊಡೆಸುತ್ತಾರೆ, ಶಿಕ್ಷೆ ಇಲ್ಲ. ಹೊಡೆದ ಮೇಲೆ ಗೊತ್ತಾದರೆ ಆ ಫ್ರೀ ಥ್ರೋ ರದ್ದು, ಬಾಲು ಎದುರಾಳಿಗೆ. ಇಷ್ಟಕ್ಕೂ ಒಂದು ಗಡುವಿದೆ. ತಪ್ಪಾದ ಮೇಲೆ ಗಡಿಯಾರ ಓಡಿ, ಮೊದಲ ಸಲ ಆಟ ನಿಂತು, ಮತ್ತೆ ಬಾಲು ಜೀವಂತವಾಗುವ, ಅಂದರೆ ಆಟಕ್ಕೆ ಬರುವ ಮುನ್ನ ಹೇಳಬೇಕು. ಆ ಗಡುವು ದಾಟಿದರೆ ಆದದ್ದೇ ಆಯಿತು.

ಹಾಫ್ ಟೈಮ್ ಆದಮ್ಯಾಲೆ ಎರಡೂ ಟೀಮ್ ಮೊದಲಿನ ಕಡೀನ ಆಡಾಕತ್ತಿದ್ವು!

ಆಟ ನಿಲ್ಲಿಸಿ ದಿಕ್ಕು ಬದಲಿಸುವುದು, ಅಷ್ಟೆ. ಅಷ್ಟರೊಳಗಿನ ಪಾಯಿಂಟು, ಫೌಲು, ಹೊತ್ತು ಯಾವುದೂ ರದ್ದಾಗುವುದಿಲ್ಲ.

## ಗಡಿಯಾರ, ಕೊನೆಯ ಗಳಿಗೆ

24 ಸೆಕೆಂಡಿನ ಬಜರ್ ಆದಾಗ ಬಾಲ್ ಗಾಳ್ಯಾಗಿತ್ತು. ರೆಫ್ರಿ ಸುಮ್ಮನ ನಿಂತಿದ್ರು. ಯಾಕ?

ಕಾಯುತ್ತಿದ್ದರು. ಬಾಲು ಬಿದ್ದರೆ ಪಾಯಿಂಟು. ರಿಂಗಿಗೆ ತಾಗಿ ಬೀಳದಿದ್ದರೆ ಬಜರ್ ಆಗಲೇ ಇಲ್ಲವೆಂಬಂತೆ ಆಟ ಮುಂದುವರಿಯುತ್ತದೆ. ರಿಂಗಿಗೂ ತಾಗದಿದ್ದರೆ ನಿಯಮಭಂಗ. ಆದರೆ ಆ ಬಾಲು ತಕ್ಷಣ, ಸ್ಪಷ್ಟವಾಗಿ ಎದುರು ತಂಡದ ಕೈಗೆ ಸಿಕ್ಕರೆ ಸೀಟಿ ಊದದೆ ಅವರನ್ನು ಓಡಲು ಬಿಡುತ್ತಾರೆ. ರೆಫ್ರಿ ನಿದ್ದೆ ಮಾಡುತ್ತಿದ್ದಾರೆ ಎಂದು ಕಟ್ಟೆಯಿಂದ ಕೂಗುವವರು ಈ ಎರಡು ಸೆಕೆಂಡು ತಾಳಬೇಕು.

ಈ ಗಡಿಯಾರ ಬಂದದ್ದೇ ಬೇಸರದಿಂದ. 1950ರಲ್ಲಿ ಎನ್‌ಬಿಎದ ಒಂದು ಪಂದ್ಯದಲ್ಲಿ ಫೋರ್ಟ್ ವೇನ್ ತಂಡ ಬಾಲನ್ನು ಹಿಡಿದುಕೊಂಡೇ ಕಾಲ ಕಳೆದು ಮಿನಿಯಾಪೊಲಿಸ್ ತಂಡವನ್ನು 19-18ಕ್ಕೆ ಸೋಲಿಸಿತು. ಅಲ್ಲಿ 1954ರಲ್ಲಿ 24 ಸೆಕೆಂಡು ಜಾರಿಗೆ ಬಂತು. ಫಿಬಾ 30 ಸೆಕೆಂಡಿನಿಂದ ಆರಂಭಿಸಿ 2000ದಲ್ಲಿ 24ಕ್ಕೆ ಇಳಿಯಿತು.

0.2 ಸೆಕೆಂಡ್ ಉಳದತಿ, ಥ್ರೋ-ಇನ್ ನಮ್ಮದು. ಹಿಡದು ಹೊಡದ ಬಾಲ್ ಬಿತ್ತು, ಆದ್ರೂ ಕೊಡಲಿಲ್ಲ.

ಬಾಲು ಹಿಡಿದು ಹೊಡೆಯಲು ಗಡಿಯಾರದಲ್ಲಿ ಕನಿಷ್ಠ 0.3 ಇರಬೇಕು. 0.2 ಅಥವಾ 0.1 ಇದ್ದರೆ ಬಾಲನ್ನು ಗಾಳಿಯಲ್ಲೇ ಬೆರಳಿನಿಂದ ತಟ್ಟಿ ಹಾಕಬೇಕು, ಇಲ್ಲವೇ ಸೀದಾ ಡಂಕ್ ಮಾಡಬೇಕು. ಕೈ ಗಡಿಯಾರ ಹಿಡಿದು ಟೈಮ್ ನೋಡುವ ನಮ್ಮ ಪಂದ್ಯಗಳಲ್ಲಿ 0.2 ಎಂದು ಯಾರು ಹೇಳಿದರೂ ನಾನು ನಂಬುವುದಿಲ್ಲ. ಈ ನಿಯಮ ಡಿಜಿಟಲ್ ಗಡಿಯಾರ ಇರುವಲ್ಲಿಗೆ.

ಗದ್ದಲದಾಗ ಬಜರ್ ಕೇಳಲೇ ಇಲ್ಲ. ಆಟ ಮುಗದತೋ ಇಲ್ಲೋ?

ಗಡಿಯಾರ ಮುಗಿದರೆ ಆಟ ಮುಗಿಯಿತು. ಬಜರ್ ಆಗದಿದ್ದರೆ, ಕೇಳದಿದ್ದರೆ ಹೇಗಾದರೂ ಮಾಡಿ ರೆಫ್ರಿಗೆ ತಿಳಿಸುವುದು ಟೈಮರ್ ಕೆಲಸ. ಎದ್ದು ಓಡಿಹೋಗಿ ಹೇಳಿದರೂ ಸರಿ. ಬಾಲು ಮೊದಲು ಕೈ ಬಿಟ್ಟಿತೋ, ಹೊತ್ತು ಮೊದಲು ಮುಗಿಯಿತೋ ಎಂಬುದನ್ನು ರೆಫ್ರಿಗಳು ಟೈಮರನ್ನೂ ಕೇಳಿ ತೀರ್ಮಾನಿಸುತ್ತಾರೆ.

ಟೇಬಲ್ ಗೊಂದಲ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ 1972ರ ಮ್ಯೂನಿಕ್ ಒಲಿಂಪಿಕ್ಸಿನ ಅಮೆರಿಕ-ಸೋವಿಯತ್ ಒಕ್ಕೂಟ ಫೈನಲ್ ಸಾಕ್ಷಿ. ಮೂರು ಸೆಕೆಂಡು ಉಳಿದಾಗ ಡಗ್ ಕಾಲಿನ್ಸ್ ಅವರ ಎರಡು ಫ್ರೀ ಥ್ರೋಗಳಿಂದ ಅಮೆರಿಕ 50-49 ಮುಂದೆ. ಟೈಮ್‌ಔಟ್ ಕೇಳಿದ್ದು, ಗಡಿಯಾರ ಸರಿ ಹೊಂದಿಸದೇ ಇದ್ದದ್ದು ಎಲ್ಲ ಸೇರಿ ಆ ಮೂರು ಸೆಕೆಂಡನ್ನು ಮತ್ತೆ ಮತ್ತೆ ಆಡಿಸಿದರು. ಮೂರನೇ ಸಲ ಇವಾನ್ ಎಡೆಷ್ಕೊ ಕೋರ್ಟಿನ ಆ ತುದಿಯಿಂದ ಎಸೆದ ಬಾಲನ್ನು ಅಲೆಕ್ಸಾಂಡರ್ ಬೆಲೋವ್ ಹಿಡಿದು ಹಾಕಿದರು. ಸೋವಿಯತ್ ಒಕ್ಕೂಟ 51-50. ಅಮೆರಿಕದ ದೂರು 3-2 ಮತಗಳಿಂದ ತಿರಸ್ಕೃತವಾಯಿತು. ಆಟಗಾರರು ಬೆಳ್ಳಿ ಪದಕ ತೆಗೆದುಕೊಳ್ಳಲೇ ಇಲ್ಲ. ಟೇಬಲ್ಲಿಗೆ "ಸುಮ್ಮನ ಕುಂತಾವನ್ನ ಕೂಡಸ್ರಿ" ಎನ್ನುವ ಸಂಘಟಕರಿಗೆ ನಾನು ಈ ಕಥೆ ಹೇಳುತ್ತೇನೆ.

ನಮ್ಮ ಕ್ಯಾಪ್ಟನ್ "ಟೈಮ್‌ಔಟ್" ಅಂತ ಕೈ ಮಾಡಿ ತೋರಿಸಿದ, ಕೊಡಲಿಲ್ಲ. ಎನ್‌ಬಿಎದಾಗ ಕೊಡ್ತಾರಲ್ರಿ?

ಅಲ್ಲಿ ಆಟಗಾರರು ಕೇಳಬಹುದು. ಇಲ್ಲಿ ಕೋಚು ಅಥವಾ ಮೊದಲ ಸಹಾಯಕ ಕೋಚೇ ಕೇಳಬೇಕು, ಟೇಬಲ್ಲಿಗೆ ಬಂದೋ ಅಥವಾ ಟೇಬಲ್ಲಿನವರ ಕಣ್ಣಿಗೆ ಕಣ್ಣು ಸೇರಿಸಿಯೋ, ಕೈಸನ್ನೆ ಮಾಡಿ. ಕೋಚೇ ಇಲ್ಲದ ತಂಡದಲ್ಲಿ ಕ್ಯಾಪ್ಟನ್ ಕೋಚಿನ ಕೆಲಸವನ್ನೂ ಮಾಡುತ್ತಿದ್ದರೆ ಅವನು ಕೇಳಬಹುದು. ನಮ್ಮ ಕಡೆಯ ಎಷ್ಟೋ ತಂಡಗಳದ್ದು ಇದೇ ಸ್ಥಿತಿ, ಅಂಥವರು ಪಂದ್ಯಕ್ಕೆ ಮೊದಲೇ ಸ್ಕೋರ್ ಶೀಟಿನಲ್ಲಿ ಹಾಗೆ ಬರೆಸಿರಬೇಕು. ಅಮೆರಿಕದ 1993ರ ಕಾಲೇಜು ಫೈನಲ್ಲಿನಲ್ಲಿ ಮಿಷಿಗನ್ ತಂಡದ ಕ್ರಿಸ್ ವೆಬರ್, ತಂಡದ ಬಳಿ ಒಂದೂ ಉಳಿಯದಿದ್ದಾಗ ಟೈಮ್‌ಔಟ್ ಕೇಳಿ ಟೆಕ್ನಿಕಲ್ ಫೌಲ್ ಹಾಕಿಸಿಕೊಂಡರು. ಎರಡು ಪಾಯಿಂಟು ಹಿಂದಿದ್ದ ತಂಡ 77-71ಕ್ಕೆ ಸೋತಿತು.

ಕೊನೀ ಎರಡು ನಿಮಿಷದಾಗ ಥ್ರೋ-ಇನ್ ಮಾಡೂಕಿಂತ ಮೊದಲ ಫೌಲ್ ಮಾಡಿದ್ವಿ. ಒಂದು ಫ್ರೀ ಥ್ರೋನೂ ಕೊಟ್ರು, ಬಾಲ್‌ನೂ ಅವರಿಗೇ ಕೊಟ್ರು!

2022ರಿಂದ ಬಂದ ನಿಯಮ ಇದು. ನಾಲ್ಕನೇ ಕ್ವಾರ್ಟರ್ ಅಥವಾ ಓವರ್‌ಟೈಮಿನ ಕೊನೆಯ ಎರಡು ನಿಮಿಷದಲ್ಲಿ, ಬಾಲು ಇನ್ನೂ ಗೆರೆಯ ಹೊರಗೆ ರೆಫ್ರಿಯ ಅಥವಾ ಎಸೆಯುವವನ ಕೈಯಲ್ಲಿರುವಾಗ ತಡೆಯುವ ತಂಡ ಕೋರ್ಟಿನಲ್ಲಿ ಫೌಲ್ ಮಾಡಿದರೆ ಒಂದು ಫ್ರೀ ಥ್ರೋ ಮತ್ತು ಬಾಲು. ಒಂದು ಸೆಕೆಂಡೂ ಓಡದಂತೆ ಫೌಲ್ ಮಾಡಿ ಗಡಿಯಾರ ಉಳಿಸಿಕೊಳ್ಳುವ ಹಳೆಯ ಉಪಾಯಕ್ಕೆ ಇದು ಕತ್ತರಿ. ಫೌಲ್ ಮಾಡಲೇಬೇಕೆಂದಿದ್ದರೆ ಬಾಲು ಎಸೆಯುವವನ ಕೈ ಬಿಡುವ ತನಕ ತಾಳಿ.

ಧಾರವಾಡದ ಮಳಿ ನಿಮಗ ಗೊತ್ತೈತಲ್ರಿ. ನಡುವ ಸುರು ಆದ್ರ, ಇಲ್ಲಾ ಲೈಟ್ ಹ್ವಾದ್ರ ಏನ್ ಮಾಡ್ತೀರಿ?

ನಿಯಮದಲ್ಲಿ ಸ್ಪಷ್ಟವಾಗಿ ಹೇಳದ ಯಾವುದೇ ವಿಷಯವನ್ನು ತೀರ್ಮಾನಿಸುವ ಅಧಿಕಾರ ಮುಖ್ಯ ರೆಫ್ರಿಗೆ ಇದೆ. ಜಿಟಿಜಿಟಿ ಮಳೆಗೆ ಒದ್ದೆಯಾದ ಸಿಮೆಂಟಿನ ಮೇಲೆ ಆಡಿಸುವ ಪರವಾಗಿ ನಾನಿಲ್ಲ. ನಿಲ್ಲಿಸಿದ ಕೂಡಲೆ ಉಳಿದ ಹೊತ್ತು, ಸ್ಕೋರು, ತಂಡದ ಫೌಲು, ಬಾಣದ ದಿಕ್ಕು, ಬಾಲು ಯಾರದಿತ್ತು ಎಂಬುದನ್ನು ಬರೆದಿಟ್ಟು ಸ್ಕೋರ್ ಶೀಟನ್ನು ಒಣಗಿದ ಜಾಗಕ್ಕೆ ಸಾಗಿಸಬೇಕು. ಅಲ್ಲಿಂದಲೇ ಮುಂದುವರಿಸುವುದೋ, ಮರುದಿನ ಹೊಸದಾಗಿ ಆಡಿಸುವುದೋ ಎಂಬುದನ್ನು ಪಂದ್ಯಾವಳಿಯ ಸಂಘಟಕರು ಆರಂಭದ ಸಭೆಯಲ್ಲೇ ಹೇಳಿಬಿಡಲಿ. ಜೂನ್‌ನಿಂದ ಸೆಪ್ಟೆಂಬರ್ ತನಕ ತೆರೆದ ಕೋರ್ಟಿನಲ್ಲಿ ಪಂದ್ಯ ಇಟ್ಟುಕೊಂಡು ಮಳೆ ಬಂದ ಮೇಲೆ ಸಭೆ ಕೂಡುವುದು ತಲೆನೋವು.

ರೆಫ್ರಿ ನಿರ್ಣಯ ತಪ್ಪಾಗೈತಿ. ಪ್ರೊಟೆಸ್ಟ್ ಹಾಕೂದು ಹೆಂಗ?

"ಅದು ಫೌಲ್ ಅಲ್ಲ", "ಅದು ಟ್ರಾವೆಲ್" ಎಂಬುದಕ್ಕೆ ಪ್ರೊಟೆಸ್ಟ್ ಇಲ್ಲ, ಅದು ರೆಫ್ರಿ ಕಣ್ಣಿನ ತೀರ್ಪು. ಸ್ಕೋರು, ಹೊತ್ತು, ಶಾಟ್ ಕ್ಲಾಕ್ ಲೆಕ್ಕದ ತಪ್ಪನ್ನು ತಿದ್ದದೇ ಬಿಟ್ಟಿದ್ದರೆ, ಪಂದ್ಯವನ್ನು ರದ್ದು ಮಾಡಿದ್ದರೆ, ಮುಂದೂಡಿದ್ದರೆ, ಆಡಲು ಅರ್ಹತೆ ಇಲ್ಲದವರನ್ನು ಆಡಿಸಿದ್ದರೆ ಹಾಕಬಹುದು. ಪಂದ್ಯ ಮುಗಿದ 15 ನಿಮಿಷದೊಳಗೆ ರೆಫ್ರಿಗೆ ತಿಳಿಸಿ, ಸ್ಕೋರ್ ಶೀಟಿನಲ್ಲಿ ಪ್ರೊಟೆಸ್ಟಿಗೆಂದೇ ಇರುವ ಜಾಗದಲ್ಲಿ ಕ್ಯಾಪ್ಟನ್ ಸಹಿ ಹಾಕಬೇಕು. ಕೋಚು ಜಗಳವಾಡುತ್ತ ನಿಂತು, ಕ್ಯಾಪ್ಟನ್ ಆಗಲೇ ಗಿರಮಿಟ್ ತಿನ್ನಲು ಹೊರಟುಹೋಗಿದ್ದರೆ ಮೊದಲು ಅವನನ್ನು ಕರೆಸಿ.